ಗಾಂಧಾರಿಗೆ ಕಣ್ಣು ಬರೆದದ್ದು

ನೆಲದೊಳಗೆ ಚಿನ್ನವೂ ನೆಲದ ಮೇಲೆ ಅನ್ನಕ್ಕೆ ತತ್ವಾರವೂ ಇದ್ದ ಒಂದಾನೊಂದು ಊರಿನಲ್ಲಿ ಗಾಂಧಾರಿಗೆ ಕಣ್ಣು ನಿಲ್ಲುತ್ತಿರಲಿಲ್ಲ. ಬೆಳಿಗ್ಗೆ ಬರೆದರೆ ಸಂಜೆಗೆ ಅಳಿಸಿಹೋಗಿರುತ್ತಿತ್ತು.

ಊರು ಕೋಲಾರದ ಚಿನ್ನದ ಗಣಿಯ ಚಾಂಪಿಯನ್ ರೀಫ್ಸ್. ಐವತ್ತೆಂಟನೇ ಇಸವಿ. ಬರೆಯುತ್ತಿದ್ದವಳು ನರಸಮ್ಮ, ನಾಟಕದ ಪರದೆ ಬರೆಯುವವನ ಮಗಳು. ಅಪ್ಪ ಉಳಿಸಿಹೋದ ಪರದೆಬಟ್ಟೆಯ ಮೇಲೆ ಅವಳ ಗಾಂಧಾರಿ ಅರಮನೆಯಲ್ಲಿರಲಿಲ್ಲ. ನೂಲಿನ ಕೆಂಪು ಸೀರೆಯುಟ್ಟು, ಗಣಿಯವರ ಲೈನ್‌ಮನೆಯ ಹಸಿರು ಬಾಗಿಲಲ್ಲಿ, ಬಿಚ್ಚಿದ ಕಣ್ಣುಪಟ್ಟಿ ಹಿಡಿದು ನಿಂತಿದ್ದಳು.

ನರಸಮ್ಮನ ಗಂಡ ಗಣಿಯೊಳಗೆ ಬಂಡೆ ಸಿಡಿದು ಸತ್ತಿದ್ದ. ಅವನ ಜಾಗಕ್ಕೆ ಮಗ ಬಚ್ಚಪ್ಪ ಇಳಿಯಬೇಕು, ಇಲ್ಲವೇ ಗಣಿಯವರ ಮನೆ ಬಿಡಬೇಕು. ಪಟ್ಟಿ ಬಿಚ್ಚಿದ ಗಾಂಧಾರಿಯ ಮೊದಲ ನೋಟಕ್ಕೆ ಮಗನ ಮೈ ವಜ್ರವಾಯಿತಂತೆ. ತನ್ನ ಮಗನ ಮೇಲೂ ಆ ನೋಟ ಬೀಳಲಿ, ಮಾರನೆಯ ದಿನವೇ ಕಳಿಸುತ್ತೇನೆಂದು ಮೇಸ್ತ್ರಿ ರಾಮಚಂದ್ರಪ್ಪನಿಗೆ ಅವಳು ಮಾತು ಕೊಟ್ಟಿದ್ದಳು.

ಚಿತ್ರಕ್ಕೆ ಕಣ್ಣು ಕೊನೆಗೆ. ಬೆಳಿಗ್ಗೆ ಮಸಿಯಲ್ಲಿ ಬರೆದು, ಮೇಲೆ ಪಂಚೆ ಇಳಿಬಿಡುತ್ತಿದ್ದಳು. ದೀಪ ಹಚ್ಚುವ ಹೊತ್ತಿಗೆ ಮಗನನ್ನು ಎದುರು ನಿಲ್ಲಿಸಿ ಪಂಚೆ ಸರಿಸಿದರೆ, ಕಣ್ಣಿದ್ದ ಜಾಗದಲ್ಲಿ ಬರೀ ಮಬ್ಬು.

"ನಿನ್ ಗಾಂಧಾರಿಗೆ ಪಟ್ಟೀನೇ ವಾಸಿ ಕಣೇ," ಎಂದಳು ಪಕ್ಕದ ಮನೆಯ ಪೆದ್ದಮ್ಮ. "ಬಿಚ್ಕೊಂಡು ಏನ್ ನೋಡ್ಬೇಕು, ಈ ಊರ್ನಾಗೆ?"

ನರಸಮ್ಮ ಬೈಯಲಿಲ್ಲ, ಅಳಲಿಲ್ಲ. ನಾಳೆ ಬರೆದರಾಯಿತೆಂದು ಮುದ್ದೆ ಬಡಿಸಿದಳು.

ಅಳಿಸುತ್ತಿದ್ದವನು ಬಚ್ಚಪ್ಪ. ಅಪ್ಪನನ್ನು ಗೋಣಿಯಲ್ಲಿ ಸುತ್ತಿ ಮೇಲೆ ತಂದದ್ದನ್ನು ಕಂಡವನು. ಭಯವಾಗುತ್ತದೆಂದು ಹೇಳಲು ಬಾಯಿ ಬರಲಿಲ್ಲ. ತಾಯಿ ನಲ್ಲಿಗೆ ಹೋದೊಡನೆ ಪಂಚೆ ಎತ್ತಿ, ಮುಖ ಆಚೆ ತಿರುಗಿಸಿಕೊಂಡು, ಒದ್ದೆ ಬಟ್ಟೆಯಿಂದ ಒಂದು ಸಲ ಉಜ್ಜುತ್ತಿದ್ದ. ಸೀರೆಯ ಕೆಂಪು, ಬಾಗಿಲ ಹಸಿರು ಜಗ್ಗುತ್ತಿರಲಿಲ್ಲ. ಕಣ್ಣು ಮಾತ್ರ ಸಲೀಸಾಗಿ ಬಂದುಬಿಡುತ್ತಿತ್ತು. ತಾಯಿಗೆ ಏನೂ ತಿಳಿಯದೆಂದುಕೊಂಡಿದ್ದ, ಅವಳು ಮತ್ತೆ ಬರೆಯಲು ಕೂತರೆ ಎದ್ದು ಹೊರಗೆ ಹೋಗುತ್ತಿದ್ದ.

ಭಾನುವಾರ ಮೇಸ್ತ್ರಿ ಬಂದ. ಮೆತ್ತಗೆ ಮಾತಾಡಿದ. ತನ್ನ ಕೈಯಲ್ಲಿ ಇನ್ನೇನೂ ಇಲ್ಲ, ನಾಳೆ ಹುಡುಗ ಇಳಿಯದಿದ್ದರೆ ಮನೆ ಬೇರೆಯವರಿಗೆ ಎಂದ. ಅವನು ಹೋದ ಮೇಲೆ ನರಸಮ್ಮ ಅಪ್ಪನ ಬಣ್ಣದ ಪೆಟ್ಟಿಗೆ ತೆಗೆದಳು. ಆಮೇಲೆ ಮಸಿ ಕಲಸಿ, ಕಣ್ಣು ಬರೆದು, ಪಂಚೆ ಇಳಿಬಿಟ್ಟಳು. ಬಿಂದಿಗೆ ಎತ್ತಿಕೊಂಡು ನಲ್ಲಿಗೆ ಹೋದಳು. ಅಂದು ತಡಮಾಡಿ ಬಂದಳು.

ಬಚ್ಚಪ್ಪ ಉಜ್ಜಿದ. ಒದ್ದೆ ಬಟ್ಟೆಗೆ ಮಸಿ ಹತ್ತಲಿಲ್ಲ. ಜೋರಾಗಿ ಉಜ್ಜಿದ. ಕಡೆಗೆ ಮುಖ ತಿರುಗಿಸಿ ನೋಡಿದ. ಗಾಂಧಾರಿ ಅವನನ್ನೇ ನೋಡುತ್ತಿದ್ದಳು.

ಬಾಗಿಲಲ್ಲಿ ತಾಯಿ ತುಂಬಿದ ಬಿಂದಿಗೆ ಇಳಿಸದೆ ನಿಂತಿದ್ದಳು.

"ಬುಡಪ್ಪ, ಕೈ ನೋಯ್ತದೆ," ಎಂದಳು. "ಮಸೀಗೆ ಇವತ್ತೇ ನಾನು ಗೋಂದು ಆಕಿದ್ದು."