ಹೊಲಿಗೆ ಮೆಷಿನ್ ಎಣ್ಣೆ

ಹತ್ತು ವರ್ಷದ ಇಂಗ್ರಿಡ್ ಬೆರಳ ತುದಿಯಿಂದ ತಿರುಗಿಸಿಬಿಟ್ಟ ಚಕ್ರ ಮೂವತ್ತು ಸೆಕೆಂಡಾದರೂ ನಿಲ್ಲಲಿಲ್ಲ. ಅವಳ ಅಪ್ಪ ಲೈಲ್ ಗಡಿಯಾರವನ್ನು ಮತ್ತೊಮ್ಮೆ ನೋಡಿದ. ಗುರುವಾರದವರೆಗೆ ಅದು ಇಪ್ಪತ್ತೆರಡು ಸೆಕೆಂಡು ದಾಟಿದ್ದೇ ಇಲ್ಲ.

ಶನಿವಾರ ಬೆಳಿಗ್ಗೆ, ಆಟಿಕೆ ಕಾರುಗಳ ಪಂದ್ಯ. ಚರ್ಚಿನ ನೆಲಮಾಳಿಗೆಯಲ್ಲಿ ಸ್ಕೌಟ್ ಮಕ್ಕಳೂ ಅಪ್ಪಂದಿರೂ ಮೇಜುಗಳ ಮೇಲೆ ಬಗ್ಗಿಕೊಂಡಿದ್ದರು. ಪೈನ್ ಮರದ ತುಂಡು ಕೆತ್ತಿ, ಮೊಳೆಗಳನ್ನೇ ಅಚ್ಚು ಮಾಡಿ, ಪ್ಲಾಸ್ಟಿಕ್ ಚಕ್ರ ಸಿಕ್ಕಿಸಿದ ಗೇಣುದ್ದದ ಕಾರುಗಳು. ಮೋಟಾರಿಲ್ಲ, ಇಳಿಜಾರಿನಲ್ಲಿ ತಾವಾಗಿಯೇ ಉರುಳಬೇಕು. ಹಾಗಾಗಿ ಗೆಲುವೆಲ್ಲ ಅಚ್ಚಿಗೆ ಏನು ಹಾಕುತ್ತೀರಿ ಎಂಬುದರಲ್ಲೇ ಇತ್ತು. ಲೈಲ್ ಚಳಿಗಾಲವಿಡೀ ಅದಕ್ಕೇ ತಲೆ ಕೆಡಿಸಿಕೊಂಡಿದ್ದ. ಬಿಳಿ ಟೆಫ್ಲಾನ್ ಪುಡಿ ಎರಡು ಓಟಕ್ಕೇ ಉದುರಿಹೋಯಿತು. ಕೊನೆಗೆ ಗ್ರಾಫೈಟ್ ಪುಡಿಯೇ ಸೈ ಅಂದ. ಕೈಗೆ ಹತ್ತಿದರೆ ಅದು ಸೋಪಿಗೂ ಜಗ್ಗುವುದಿಲ್ಲ, ಆದರೆ ಒಣ ಪುಡಿ, ನಿಯಮದೊಳಗಿನದು. ಎಣ್ಣೆ ಹಾಕಿದವರನ್ನು ಮುಲಾಜಿಲ್ಲದೆ ಹೊರಗೆ ಕಳಿಸುತ್ತಾರೆ.

ಅದು ಲೈಲ್‌ಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅವನಿಗೆ ಒಂಬತ್ತಾಗಿದ್ದಾಗ ಅಪ್ಪ ಅರ್ವಿಡ್ ಕಾಗದದ ಮಿಲ್ಲಿನ ಪಾಳಿಗೆ ಹೊರಡುವ ಗಡಿಬಿಡಿಯಲ್ಲಿ ಚಕ್ರಗಳಿಗೆ ಹೊಲಿಗೆ ಮೆಷಿನ್ ಎಣ್ಣೆ ಬಿಟ್ಟು, ಹೋಗು, ಗೆದ್ದು ಬಾ ಅಂದಿದ್ದ. ಇದೇ ನೆಲಮಾಳಿಗೆಯಲ್ಲಿ ಎಲ್ಲರೆದುರು ಕಾರನ್ನು ವಾಪಸು ಕೊಟ್ಟರು. ಕಳ್ಳ ಎಂದು ಹುಡುಗರು ಆಡಿಕೊಂಡರು. ಪಕ್ಕದಲ್ಲಿ ನಿಲ್ಲಲು ಅಪ್ಪನಿರಲಿಲ್ಲ. ಮುಂದಿನ ಯಾವ ಪಂದ್ಯಕ್ಕೂ ಅಪ್ಪ ಬರಲಿಲ್ಲ. ಆ ಮುನಿಸು ಮೂವತ್ತೈದು ವರ್ಷ ಲೈಲ್‌ನ ಹೊಟ್ಟೆಯೊಳಗೇ ಕೂತಿತ್ತು.

ಈಗ ಅರ್ವಿಡ್ ಆಸ್ಪತ್ರೆಯಲ್ಲಿ ದಿನ ಎಣಿಸುತ್ತಿದ್ದ. ಇನ್ನು ಮೂರು ನಾಲ್ಕು ದಿನ ಎಂದಿದ್ದರು ಡಾಕ್ಟರು. ಹೆಚ್ಚುಕಡಿಮೆಯಾದರೆ ನರ್ಸ್ ಫೋನ್ ಮಾಡುತ್ತಾಳೆ, ಹತ್ತು ನಿಮಿಷದ ದಾರಿ. ಪಂದ್ಯ ಮುಗಿದ ಕೂಡಲೇ ಮಗಳ ಕಾರನ್ನು ಅಪ್ಪನ ಕೈಗಿಟ್ಟು, ಹೋಗಲಿ ಬಿಡಪ್ಪ, ನನಗೇನೂ ಬೇಜಾರಿಲ್ಲ ಎನ್ನಬೇಕು. ಇಷ್ಟು ವರ್ಷ ಬಾಯಿಗೆ ಬಾರದ ಮಾತನ್ನು ಇವತ್ತು ಆಡಿಯೇ ತೀರಬೇಕೆಂದು ಲೈಲ್ ಗಟ್ಟಿ ಮಾಡಿಕೊಂಡಿದ್ದ.

ಅಷ್ಟರಲ್ಲಿ ಈ ಚಕ್ರ. ನಿನ್ನೆ ಸಂಜೆ ಇಂಗ್ರಿಡ್ ಕಾರು ಹಿಡಿದುಕೊಂಡು ತಾತನ ಹತ್ತಿರ ಒಬ್ಬಳೇ ಅರ್ಧ ಗಂಟೆ ಕೂತಿದ್ದಳು. ಏನು ಮಾತಾಡಿದಿರಿ ಎಂದು ಕೇಳಿದರೆ, ತಾತನಿಗೆ ಮಾತು ಕೊಟ್ಟಿದ್ದೇನೆ, ಹೇಳುವಂತಿಲ್ಲ ಎಂದು ಬಾಯಿ ಬಿಗಿದುಕೊಂಡಳು. ಮುದುಕ ಸಾಯುವ ಹೊತ್ತಿಗೂ ಹಳೇ ಚಾಳಿ ಬಿಡಲಿಲ್ಲವೇನೋ ಎಂದು ಲೈಲ್‌ಗೆ ಅನುಮಾನ ಹತ್ತಿತು.

"ಇದಕ್ಕೆ ಬೇರೇನಾದ್ರೂ ಹಾಕಿದ್ಯಾ, ಪುಟ್ಟಿ?"

"ನೀನು ಕೊಟ್ಟ ಪುಡಿನೇ ಅಪ್ಪಾ. ಇನ್ನೊಂಚೂರು ಹಾಕು ಬೇಕಾದ್ರೆ."

ಹಾಕಿದ. ಹತ್ತೂ ಬೆರಳು ಮಸಿಯಾದವು. ಆ ಕೈಯಲ್ಲಿ ಮುಟ್ಟಬೇಡ ಎಂದು ಅವನ ಫೋನನ್ನು ಅವಳೇ ತೆಗೆದು ತನ್ನ ಜೇಬಿಗೆ ಹಾಕಿಕೊಂಡಳು.

ತಪಾಸಣೆಗೆ ಕೂತಿದ್ದ ಡೆಲ್ಮರ್ ಕಾರನ್ನು ತೂಗಿ, ಚಕ್ರಗಳ ಮೇಲೆ ಕಣ್ಣಾಡಿಸಿದ. ಅಂದು ಆಡಿಕೊಂಡ ಹುಡುಗರಲ್ಲಿ ಅವನೂ ಒಬ್ಬ.

"ಏನಯ್ಯಾ ಲೈಲ್, ನಿಮ್ಮಪ್ಪನ ಬಾಟ್ಲಿ ಮನೇಲೇ ಇದೆ ತಾನೇ?"

ಸುತ್ತಲಿದ್ದವರು ನಕ್ಕರು. ಲೈಲ್ ಹಲ್ಲು ಕಚ್ಚಿಕೊಂಡು ನಕ್ಕ. ಕಾರು ಒಳಗೆ ಹೋಯಿತು. ಇನ್ನು ಪಂದ್ಯ ಮುಗಿಯುವವರೆಗೆ ಅದನ್ನು ಯಾರೂ ಮುಟ್ಟುವಂತಿರಲಿಲ್ಲ.

ಮೊದಲ ಓಟದಲ್ಲಿ ಇಂಗ್ರಿಡ್‌ಳ ಕಾರು ಒಂದು ಮಾರು ಮುಂದೆ ಬಂತು. ಎರಡನೆಯದರಲ್ಲೂ ಅಷ್ಟೇ. ಆಮೇಲೆ ಅವಳು ಬಾತ್‌ರೂಮಿಗೆಂದು ಹೋದವಳು ಬಹಳ ಹೊತ್ತು ಬರಲಿಲ್ಲ. ಬಂದಾಗ ಕಣ್ಣು ಕೆಂಪಗಿತ್ತು. ಗೆದ್ದವಳ ಮುಖವೇ ಅಲ್ಲ. ಲೈಲ್ ಪಕ್ಕಕ್ಕೆ ಕರೆದ.

"ತಪ್ಪು ಮಾಡಿದ್ರೆ ಈಗ್ಲೇ ಹೇಳ್ಬಿಡು ಮಗಳೇ. ನಾನು ಬಯ್ಯಲ್ಲ."

"ಕೊನೇ ಓಟ ಆಗ್ಲಿ ಅಪ್ಪಾ. ಆಮೇಲೆ ಹೇಳ್ತೀನಿ."

ಅಲ್ಲಿಗೆ ಖಾತ್ರಿಯಾಯಿತು. ಮರ್ಯಾದಸ್ಥನಾದರೆ ಡೆಲ್ಮರ್ ಹತ್ತಿರ ಹೋಗಿ ತಾನೇ ಕಾರನ್ನು ಹಿಂದಕ್ಕೆ ಪಡೆಯಬೇಕಿತ್ತು. ಕಾಲೇಳಲಿಲ್ಲ. ಎಲ್ಲರೆದುರು ಮಗು ತಲೆ ತಗ್ಗಿಸಿ ನಿಲ್ಲುವುದನ್ನು ನೆನೆದೇ ಅವನಿಗೆ ಸಂಕಟವಾಯಿತು. ಏನಾದರಾಗಲಿ, ಈ ಸಲ ಪಕ್ಕದಲ್ಲಿ ಅಪ್ಪನಂತೂ ಇದ್ದಾನೆ ಎಂದುಕೊಂಡ. ಮೂರನೆಯ, ಕೊನೆಯ ಓಟಕ್ಕೂ ಮುಂಚೆ ಅವಳು ಮತ್ತೊಮ್ಮೆ ಹೊರಗೆ ಹೋಗಿ ಬಂದಳು. ಬಂದವಳು ಅವನ ಸೊಂಟವನ್ನು ಬಿಗಿಯಾಗಿ ಹಿಡಿದುಕೊಂಡು ನಿಂತಳು.

ಅದನ್ನೂ ಅವಳೇ ಗೆದ್ದಳು. ಚಪ್ಪಾಳೆ ಬಿತ್ತು. ಇಂಗ್ರಿಡ್ ಬಿಕ್ಕಿ ಬಿಕ್ಕಿ ಅತ್ತಳು. ಖುಷಿಗೆ ಅಳುತ್ತಿದೆ ಮಗು ಎಂದರು ಜನ.

ಲೈಲ್ ಕಾರನ್ನು ಮೂಲೆಗೆ ಒಯ್ದು, ಒಂದು ಚಕ್ರ ಕಿತ್ತು, ಬಿಳಿ ಕಾಗದದ ಕರವಸ್ತ್ರದಿಂದ ಅಚ್ಚನ್ನು ಒರೆಸಿದ. ಒಣ ಕಪ್ಪು ಪುಡಿ. ಇನ್ನೊಂದು ಕಿತ್ತ. ಅದೂ ಒಣ. ನಾಲ್ಕರಲ್ಲಿ ಎಲ್ಲೂ ಎಣ್ಣೆಯ ಪಸೆಯಿರಲಿಲ್ಲ.

"ಮತ್ತೆ ಅಷ್ಟು ಹೊತ್ತು ಹೆಂಗೆ ತಿರುಗ್ತು?"

"ನಿನ್ನೆ ತಾತನ ಹತ್ರ ಕೂತು ಸುಮ್ನೆ ತಿರುಗಿಸ್ತಾನೇ ಇದ್ದೆ. ಪುಡಿ ಚೆನ್ನಾಗಿ ಕೂತ್ಕೊಂಡಿರ್ಬೇಕು."

ಲೈಲ್‌ಗೆ ನಾಚಿಕೆಯಾಯಿತು. ಜೊತೆಗೇ ಎದೆ ಹಗುರಾಗಿ ನಗುವೂ ಬಂತು. ಮಗಳನ್ನೂ ಅನುಮಾನಿಸಿದ್ದ, ಅಪ್ಪನನ್ನೂ. ಬೇಗ ಕೋಟು ಹಾಕ್ಕೋ, ತಾತನಿಗೆ ತೋರಿಸೋಣ ಎಂದ. ಅವಳು ಕದಲಲಿಲ್ಲ.

"ಹಾಗಾದ್ರೆ ತಾತಂಗೆ ಏನು ಮಾತು ಕೊಟ್ಟಿದ್ದೆ?"

"ಫೋನ್ ಬಂದ್ರೂ ಕೊನೇ ಓಟ ಮುಗಿಯೋ ತನಕ ನಿಂಗೆ ಹೇಳಲ್ಲ ಅಂತ. ನಿನ್ನ ಪಂದ್ಯಕ್ಕೆ ಅವರು ಒಂದ್ಸಲಾನೂ ಬರ್ಲಿಲ್ವಂತೆ. ಅವರಿಂದಾಗಿ ನೀನೂ ನನ್ನ ಪಂದ್ಯ ಬಿಟ್ಟು ಹೋಗ್ಬಾರ್ದಂತೆ."

ಲೈಲ್ ಮಸಿಗೈ ಚಾಚಿದ; ಇಂಗ್ರಿಡ್ ಜೇಬಿನಿಂದ ಅವನ ಫೋನು ತೆಗೆದುಕೊಟ್ಟಳು.

"ಹತ್ತು ಗಂಟೆಗೆ ನರ್ಸ್ ಫೋನ್ ಮಾಡಿ, ಅಪ್ಪನ್ನ ಬೇಗ ಕರ್ಕೊಂಡು ಬಾ ಅಂದ್ರು. ಹನ್ನೊಂದಕ್ಕೆ ಮತ್ತೆ ಮಾಡಿ, ಇನ್ನು ಅವಸರ ಏನಿಲ್ಲಮ್ಮ ಅಂದ್ರು."