ಬೈಗುಳಕ್ಕೆ ಉಳಿದ ಕಿಟಕಿ

ರೋಗಿಗಳು ತಮ್ಮ ನೋವು ಹೇಳಿಕೊಳ್ಳಲು ಆಸ್ಪತ್ರೆಯಲ್ಲಿ ಒಂದೊಂದು ಭಾಷೆಗೂ ಒಂದೊಂದು ಕಿಟಕಿ. ಆ ಭಾಷೆ ಬಲ್ಲ ಇಬ್ಬರು ವರ್ಷಕ್ಕೊಮ್ಮೆ ಅದರೆದುರು ಕೂತು ಮಾತಾಡಿದರೆ ಕಿಟಕಿ ಉಳಿಯುತ್ತದೆ, ಇಲ್ಲದಿದ್ದರೆ ಮುಚ್ಚುತ್ತದೆ. ಕೊರಗ ಭಾಷೆಗೆ ಈ ಊರಲ್ಲಿ ಉಳಿದವರು ಐತೆ ಮತ್ತು ಅವಳ ತಮ್ಮ ತುಕ್ರ, ಇಬ್ಬರೇ. ಅಪ್ಪನ ಡೋಲು ಯಾರಿಗೆಂದು ಜಗಳವಾಗಿ ಹನ್ನೊಂದು ವರ್ಷದಿಂದ ಅವರಿಗೆ ಮಾತಿಲ್ಲ. ವರ್ಷಕ್ಕೊಮ್ಮೆ ಮಾತ್ರ ಕಿಟಕಿಯ ಮುಂದೆ ಮನಸಾರೆ ಬೈದಾಡಿಕೊಂಡು ಹೋಗುತ್ತಾರೆ. ಕಿಟಕಿಗೆ ಬೈಗುಳವೂ ಮಾತೇ.

ಈ ವರ್ಷದ ಗಡುವಿಗೆ ಇಂದು ಕೊನೆಯ ದಿನ. ಐತೆ ಕೂತಲ್ಲಿ ಕೂರಲಾರಳು, ನಿಂತಲ್ಲಿ ನಿಲ್ಲಲಾರಳು. ತನ್ನ ಎದೆನೋವನ್ನು ಬೇರೆ ಭಾಷೆಯಲ್ಲಿ ಹೇಳಲು ಅವಳಿಗೆ ಬರುವುದಿಲ್ಲ.

"ಐದಕ್ಕೆ ಮುಚ್ತದೆ ಅಮ್ಮ. ನಿಮ್ಮ ತಮ್ಮ ಎಲ್ಲಿ?" ಎಂದಳು ನರ್ಸ್.

ಇನ್ನು ಹತ್ತು ನಿಮಿಷ ಇದೆ ಎನ್ನುವಾಗ ತುಕ್ರ ಗೋಡೆ ಹಿಡಿದುಕೊಂಡು ಬಂದು ಪಕ್ಕದಲ್ಲಿ ಕೂತ. ಐತೆ ಸೆರಗು ಸಿಕ್ಕಿಸಿ, ಅವನ ಮೊದಲ ಬೈಗುಳಕ್ಕೆ ಕಾದಳು.

"ಊಟ ಆಯ್ತಾ ಅಕ್ಕ?" ಎಂದ ಅವನು, ತಮ್ಮ ಭಾಷೆಯಲ್ಲಿ.

ಐತೆ ಸರಕ್ಕನೆ ಅವನತ್ತ ತಿರುಗಿದಳು. "ಡೋಲು ಕದ್ದವನೇ, ನನ್ನ ಊಟ ಕಟ್ಕೊಂಡು ನಿನಗೆಂತ?"

"ಡೋಲು ನಿನ್ನ ಜಗಲಿಯಲ್ಲಿ ಇಟ್ಟು ಬಂದೆ. ಅದಕ್ಕೇ ತಡ ಆಯ್ತು."

ಕಿಟಕಿಯ ಹಸಿರು ದೀಪ ಹತ್ತಿತು. ಇನ್ನೊಂದು ವರ್ಷ ಸಿಕ್ಕಿತು.

"ಆಯ್ತು, ಇನ್ನು ಹೋಗ್ಬಹುದು," ಎಂದಳು ನರ್ಸ್.

ಐತೆ ಏಳಲಿಲ್ಲ. ತಮ್ಮನ ಕೈ ಹಿಡಿದಳು, ಬರೀ ಎಲುಬು.

"ಬೈ ಮಾರಾಯ," ಎಂದಳು. "ಒಂದು ಸಲ ಆದ್ರೂ ಬೈ."