ಎಡಗೈ ವಡೆ

“ಹಿತಕಿದ ಬೇಳೆ ವಡೆ ಮೊದಲು ಮಾಡಿದ್ದು ನೀವಾ? ಅದು ಶುರುವಾಗಿದ್ದೇ ಶ್ರೀನಿವಾಸಪುರದಲ್ಲಿ, ನಮ್ಮತ್ತೆ ಬಚ್ಚಮ್ಮನ ಒಲೆ ಮೇಲೆ ಕಣಯ್ಯ!” ೧೯೭೯ರ ಅವರೆಕಾಯಿ ಕಾಲ. ಮುಳಬಾಗಿಲಿನ ಹೋಟೆಲೊಂದರ ಮುಂದೆ ‘ಹಿತಕಿದ ಬೇಳೆ ವಡೆ ಮೊದಲು ಮಾಡಿದ್ದು ನಾವೇ’ ಎಂಬ ಬೋರ್ಡು ಓದಿದ ಕೊಂಡಮ್ಮ ನೇರ ಅಡುಗೆಮನೆಗೇ ನುಗ್ಗಿದ್ದಳು.

“ನಮ್ಮಮ್ಮ ಕಲಿಸಿದ್ದಮ್ಮ ಇದು,” ಎಂದ ಹೋಟೆಲಿನ ಗುರುವಪ್ಪ, ತಲೆಯೆತ್ತದೆ. ಬಲಗೈಯಲ್ಲಿ ಆಡಿಸುತ್ತಿದ್ದ ಜಾಲರಿ ಸೌಟನ್ನು ಕೆಳಗಿಟ್ಟು, ಬಾಳೆಲೆಯ ಮೇಲಿನ ಹಿಟ್ಟನ್ನು ಎಡಗೈಯಲ್ಲಿ ತಟ್ಟಿದ.

ಕೊಂಡಮ್ಮನ ಸಿಟ್ಟು ಅಲ್ಲೇ ನಿಂತಿತು. “ಎಡಗೈಲಿ ಯಾಕಪ್ಪ ತಟ್ತೀಯ?”

“ಇದನ್ನ ಎಡಗೈಲೇ ತಟ್ಟಬೇಕಂತೆ. ಅಮ್ಮಂಗೆ ಕಲಿಸಿದೋರು ಹಂಗೇ ತಟ್ತಿದ್ರಂತೆ.”

“ಕಾದ ಎಣ್ಣೆ ಬಿದ್ದು ನಮ್ಮತ್ತೆಗೆ ಬಲಗೈ ಮಡಚೋಕೇ ಆಗ್ತಿರಲಿಲ್ಲ ಕಣಪ್ಪ. ಆದ್ರೂ ಒಲೆ ಆರಿಸ್ಲಿಲ್ಲ. ಎಡಗೈಲೇ ಊರಿಗೆಲ್ಲ ವಡೆ ತಟ್ಟಿ ಹಾಕಿದ್ರು.”

ಗುರುವಪ್ಪ ಹಿಟ್ಟು ಮೆತ್ತಿದ ತನ್ನ ಎಡಗೈಯನ್ನೇ ನೋಡಿದ. ಆಮೇಲೆ ಹೊರಗೆ ಹೋಗಿ, ಬೋರ್ಡು ಕಳಚಿಕೊಂಡು ಬಂದ. ಅಷ್ಟರಲ್ಲಿ ಕೊಂಡಮ್ಮ ಸೆರಗು ಸಿಕ್ಕಿಸಿಕೊಂಡು ಅವನ ಜಾಗದಲ್ಲಿ ಕೂತು, ಎಡಗೈಯಲ್ಲಿ ವಡೆ ತಟ್ಟುತ್ತಿದ್ದಳು.

“ಬಲಗೈಲಿ ನಂಗೂ ಬರಲ್ಲ ಕಣಪ್ಪ,” ಎಂದಳು.